ಅಕ್ಕನ ಬೀದಿಯ ದೀಪ

ಮಹಾಜನರೆಲ್ಲರೂ ಕಿವಿಗೊಟ್ಟು ಕೇಳತಕ್ಕದ್ದು: ನಿನ್ನ ಮನೆಯೆದುರಿನ ಬೀದಿದೀಪ ದೇದೀಪ್ಯಮಾನವಾಗಿ ಉರಿಯುತ್ತಿದೆ! ಅಕ್ಕಾ, ನಿನ್ನೆ ಸಂಜೆ ನಾನೇ ಕಣ್ಣಾರೆ ನೋಡಿ ಬಂದೆ.

ಅಮ್ಮನ ಹೊಲಿಗೆ ಯಂತ್ರ ಯಾರಿಗೆ ಸೇರಬೇಕೆಂದು ಜಗಳವಾಡಿ ಮಾತು ಬಿಟ್ಟವರು ನಾವು. ಹೊಲಿಯಲು ಇಬ್ಬರಿಗೂ ಬಾರದು. ನೀನು ಮನೆ ಬದಲಿಸಿದ್ದೂ ನನಗೆ ತಿಳಿಯಲಿಲ್ಲ. ಕೊನೆಗೆ ಪತ್ತೇದಾರನ ಗತ್ತಿನಲ್ಲಿ ಕಂಪ್ಯೂಟರ್ ಮುಂದೆ ಕೂತೆ. ಮತದಾರರ ಪಟ್ಟಿಯಲ್ಲಿ ನಿನ್ನ ಹೆಸರಿನವರು ಬೀದಿಗೊಬ್ಬರಿದ್ದರು. ಮನೆ ತೆರಿಗೆಯ ಜಾಲತಾಣ, ನೀನ್ಯಾರು ಎಂದು ನನ್ನನ್ನೇ ಕೇಳಿತು. ನಗರಸಭೆಯ ಪುಟದಲ್ಲಿ ಒಂದು ದೂರು ಓದುತ್ತಲೇ ಯಾರೋ ಕಿವಿ ಹಿಂಡಿದಂತಾಯಿತು: 'ದೀಪ ಕೆಟ್ಟು ತಿಂಗಳಾಯ್ತು. ಕಚೇರಿಯಲ್ಲಿ ಇದ್ದೀರೋ, ಮಲಗಿದ್ದೀರೋ?' ಇದು ನೀನೇ! ಕೆಳಗೆ ವಿಳಾಸವೂ ಇತ್ತು.

ಬಾಗಿಲು ತೆರೆದವಳು ನಿನ್ನ ಮಗಳು. "ಮಾವ, ಅಮ್ಮ ಹೋಗಿ ಮೂರು ತಿಂಗಳಾಯ್ತು. ನಿಮ್ಮ ನಂಬರೂ ನಮ್ಮ ಹತ್ರ ಇರ್ಲಿಲ್ಲ" ಅಂದಳು.

ಬೀದಿಯತ್ತ ತಿರುಗಿ, "ದೀಪ ಚೆನ್ನಾಗಿದೆ" ಎಂದೆ.

"ಅದಕ್ಕೆ ಎಷ್ಟು ಜಗಳ ಆಡಿದ್ಲು ಗೊತ್ತಾ! ಸಂಜೆ ಮೇಲೆ ಹೊಸಿಲು ದಾಟಲ್ಲ, ನಿಂಗ್ಯಾಕಮ್ಮ ದೀಪ ಅಂದ್ರೆ, 'ನಮ್ಮ ಗೂಬೆಗೆ ಕತ್ತಲಾದ್ರೆ ಕಣ್ಣು ಕಾಣಲ್ಲ ಕಣೇ, ಬಂದ್ರೆ ಮೋರಿಗೆ ಬೀಳ್ತಾನೆ' ಅಂತಿದ್ಲು."

ನಿನ್ನ ಗೂಬೆ ಮೋರಿಗೆ ಬೀಳಲಿಲ್ಲ ಅಕ್ಕಾ. ದಾರಿಯ ಒಂದೊಂದು ಕಲ್ಲೂ ಕಾಣಿಸಿತು.

ಆದರೆ ಬೀದಿಯ ಆ ತುದಿಯ ದೀಪ ಕೆಟ್ಟಿದೆ. ನಿನ್ನ ಮಗಳು ಕೆಲಸ ಮುಗಿಸಿ ಬರುವುದು ಅದೇ ದಾರಿಯಲ್ಲಿ. ದೂರು ಬರೆಯಲು ಕೂತಿದ್ದೇನೆ. 'ಮಾನ್ಯರೇ' ಎಂಬಲ್ಲಿಗೇ ನಿಂತಿದೆ. ಮುಂದಿನ ಬೈಗುಳ ಒಂದಿಷ್ಟು ಹೇಳಿಕೊಡುತ್ತೀಯಾ?