ನನ್ನ ಕಣ್ಣಿಗೆ ಕಾಣದ ಗುಲಾಬಿ

ನನ್ನ ಲ್ಯಾಬಿನ ಜೊತೆಗಾರ ಮಾದೇಶ,

ಧರ್ಮಪುರಿಯ ಶಾಲೆಯಲ್ಲಿ ಪ್ಲಸ್ ಒನ್ ಸೇರಿದ ವಾರ, ಕೆಮಿಸ್ಟ್ರಿ ಲ್ಯಾಬಿನಲ್ಲಿ ನಮ್ಮನ್ನು ಹೆಸರಿನ ಅಕ್ಷರದ ಸಾಲಿನಲ್ಲಿ ನಿಲ್ಲಿಸಿದ್ದು ನೆನಪಿದೆಯಾ? ನಮ್ಮ ಕಡೆ ಬೆಟ್ಟದ ಮಾದಪ್ಪನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಗಂಡುಮಕ್ಕಳಿಗೆಲ್ಲ ಅವನದೇ ಹೆಸರು. ನಾನು ಮಾದಪ್ಪ, ನೀನು ಮಾದೇಶ. ಹಾಗಾಗಿ ಎರಡು ವರ್ಷವೂ ಅಕ್ಕಪಕ್ಕದ ಬ್ಯುರೆಟ್ಟು ನಮಗೆ. ಪಬ್ಲಿಕ್ ಪರೀಕ್ಷೆಯಲ್ಲೂ ಅದೇ ಸಾಲು ಎಂದು ಗೊತ್ತಾದಾಗ ನಾನೆಷ್ಟು ಕುಣಿದಿದ್ದೆ!

ಮೊದಲ ಪರ್ಮಾಂಗನೇಟಿನ ದಿನವೇ ನನ್ನ ಗುಟ್ಟು ನಿನಗೆ ಸಿಕ್ಕಿಬಿತ್ತು. ಬ್ಯುರೆಟ್ಟಿನ ಗಾಢ ನೇರಳೆ ನನಗೂ ಕಾಣುತ್ತಿತ್ತು. ಆದರೆ ಫ್ಲಾಸ್ಕಿನಲ್ಲಿ ಕೊನೆಯ ಹನಿಗೆ ಬಂದು ನಿಲ್ಲುವ ಆ ತೆಳು ಗುಲಾಬಿ ನನ್ನ ಕಣ್ಣಿಗೆ ಬರೀ ನೀರು. ಅದು ಕಂಡ ಕೂಡಲೇ ನಿಲ್ಲಿಸಬೇಕಿತ್ತು, ನಾನು ಹನಿ ಬಿಡುತ್ತಲೇ ಇದ್ದೆ.

"ಲೇ, ಆಗ್ಲೇ ಬಂದೋಯ್ತು. ಕಾಣಾಕಿಲ್ವಾ ನಿಂಗೆ?" ಅಂದೆ ನೀನು.

"ಯಾರ್ಗೂ ಏಳ್ಬೇಡ್ಲಾ. ಸೈನ್ಸ್ ಗ್ರೂಪಿಂದ ತೆಗ್ದಾಕ್ಬುಡ್ತಾರೆ."

ನೀನು ಯಾರಿಗೂ ಹೇಳಲಿಲ್ಲ. ಅಂದಿನಿಂದ ನನ್ನ ಎಡಗಡೆ ನಿಂತು, ಸರಿಯಾದ ಹನಿಗೆ ಮೆಲ್ಲಗೆ "ಸಾಕ್ಲಾ" ಅನ್ನುತ್ತಿದ್ದೆ. ಕನ್ನಡ ಬಾರದ ನಮ್ಮ ಸರ್ "ಎನ್ನಡಾ ಅಂಗೆ ಪೇಚ್ಚು?" ಅಲ್ಲೇನೋ ಮಾತು ಎಂದು ತಮಿಳಿನಲ್ಲಿ ಗದರಿದರೆ ಇಬ್ಬರೂ ತಲೆ ತಗ್ಗಿಸುತ್ತಿದ್ದೆವು. ಎಂಥ ಕಳ್ಳರು ನಾವು!

ಪಬ್ಲಿಕ್ ಪರೀಕ್ಷೆಗೆ ಮುಂಚಿನ ಮಾಡೆಲ್ ಪ್ರಾಕ್ಟಿಕಲ್ಲಿನ ಬೆಳಿಗ್ಗೆ ನಿನಗೆ ಜ್ವರ ಎಂದು ತಿಳಿಯಿತು. ನಿಮ್ಮಮ್ಮನ ಫೋನಿಗೆ ಕರೆ ಮಾಡಿ ನಿನ್ನನ್ನೇ ಕೇಳಿದೆ. "ಇವತ್ತೊಂದಿನ ಬಾ ಕಣ್ಲಾ, ನೀನಿಲ್ದಿದ್ರೆ ಸಿಕ್ಕಾಕ್ಕೊಂಡ್ಬುಡ್ತೀನಿ." ನೀನು ಬಂದೆ. ಬೆಂಚಿಗೆ ಒರಗಿ ನಿಂತಿದ್ದೆ. ನಿನ್ನ ಮೈ ತಗುಲಿದರೆ ಸುಡುತ್ತಿತ್ತು. ಆಗಲಾದರೂ ನಾನು ನಿನ್ನನ್ನು ಆಸ್ಪತ್ರೆಗೆ… ಇಲ್ಲ. ರೀಡಿಂಗ್ ಬರೆದುಕೊಂಡೆ. ಮೂರನೆಯ ದಿನ ನೀನಿರಲಿಲ್ಲ. ಒಂದು ದಿನ ಮೊದಲು ಕರೆತಂದಿದ್ದರೆ ಎಂದು ಡಾಕ್ಟರು ಹೇಳಿದ್ದು ನನ್ನ ಕಿವಿಯಲ್ಲೇ ಉಳಿಯಿತು.

ಪಬ್ಲಿಕ್ ಪರೀಕ್ಷೆಯ ದಿನ ನಿನ್ನ ಜಾಗ ಖಾಲಿ ಬಿಟ್ಟಿದ್ದರು. ನಾನು ಬ್ಯುರೆಟ್ಟಿನ ನಲ್ಲಿ ತಿರುಗಿಸುತ್ತಾ… ನಂಬುತ್ತೀಯೋ ಇಲ್ಲವೋ, ಎಡಗಡೆಯಿಂದ ನೀನು "ಸಾಕ್ಲಾ" ಅಂದೆ. ನಿಲ್ಲಿಸಿದೆ. ಪೂರ್ತಿ ಮಾರ್ಕು ಬಂತು. ಆ ಮಾರ್ಕು ಹಿಡಿದು ಓದಿ ಈಗ ಹರೂರಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಹದಿನಾಲ್ಕು ವರ್ಷವಾಯಿತು, ಲ್ಯಾಬಿಗೆ ಕಾಲಿಟ್ಟರೆ ಎಡ ಭುಜ ತಣ್ಣಗಾಗುತ್ತದೆ. ಬಂದು ನಿಲ್ಲುವವನು ನೀನೇನಾ? ಸಿಟ್ಟಿನಿಂದ ಬರುತ್ತೀಯಾ? ತಿರುಗಿ ನೋಡುವ ಧೈರ್ಯ ಇವತ್ತಿಗೂ ನನಗಿಲ್ಲ.

ಹೋದ ವಾರ ಒಬ್ಬಳು ಹುಡುಗಿ ಜ್ವರದಲ್ಲೇ ಪ್ರಾಕ್ಟಿಕಲ್ಲಿಗೆ ಬಂದು ಬೆಂಚಿಗೆ ಒರಗಿ ನಿಂತಿದ್ದಳು. "ಯಾರು ಬರಹೇಳಿದ್ದು?" ಎಂದು ಇಡೀ ಕ್ಲಾಸಿನ ಮೇಲೆ ಕೂಗಾಡಿಬಿಟ್ಟೆ. ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದು, ಅವಳಪ್ಪ ಬರುವ ತನಕ ಅಲ್ಲೇ ಕೂತಿದ್ದೆ. ಇನ್ನು ಬಚ್ಚಿಟ್ಟುಕೊಂಡು ಬದುಕಲಾರೆ ಅನ್ನಿಸಿತು.

ಭಾನುವಾರ ನಲ್ಲಂಪಳ್ಳಿಯಲ್ಲಿ ಬಸ್ಸಿಳಿದು ನಿಮ್ಮ ಮನೆಗೆ ನಡೆದೆ. ಪ್ರತಿ ಹಬ್ಬಕ್ಕೂ ಹೋಗುತ್ತೇನೆ, ನಿನಗೆ ಗೊತ್ತಿರಬೇಕು. ನಿಮ್ಮಮ್ಮ ಎಂದಿನಂತೆ ಮುದ್ದೆ ಇಟ್ಟು ಸಾರು ಬಿಟ್ಟರು. ನಾನು ಮುಟ್ಟಲಿಲ್ಲ. ಕಣ್ಣಿನ ವಿಷಯ, ಫೋನು, ಎಲ್ಲವನ್ನೂ ಹೇಳಿದೆ. ಹೊಡೆಯಲಿ ಎಂದೇ ತಲೆ ಬಗ್ಗಿಸಿ ಕೂತೆ.

ಅವರು ಸೌಟನ್ನು ಸಾರಿನ ಪಾತ್ರೆಯಲ್ಲಿಟ್ಟು ನನ್ನ ಎದುರು ಕೂತರು.

"ನಂಗೊತ್ತಿತ್ತು ಮಾದಪ್ಪಾ. ಅವ್ನೇ ಏಳ್ದ, ಮಾದಪ್ಪಂಗೆ ಕಲರ್ ಕಾಣಾಕಿಲ್ಲಮ್ಮಾ, ನಾನು ಓಗ್ಲೇಬೇಕು ಅಂತ. ಕಾಯ್ಚಲ್ ತಾನೆ, ಬರೀ ಜ್ವರ, ಸಾಯಂಕಾಲ ಆಸ್ಪತ್ರಿಗೆ ಓಗಾನ ಅಂದ್ಬುಟ್ಟು ನಾನೇ ಗಂಜಿ ಕುಡ್ಸಿ ಬಸ್ ಅತ್ತಿಸ್ದೆ. ಇದ ನಿಂಗೆ ಏಳುದ್ರೆ ನೀನು ಇಲ್ಗೆ ಬರೋದ ನಿಲ್ಸ್ಬುಡ್ತೀಯ ಅಂತ ಬಾಯ್ ಮುಚ್ಕೊಂಡಿದ್ದೆ ಕಣಪ್ಪಾ."

ನಿನ್ನನ್ನು ಕೊಂದವನು ನಾನು ಎಂದು ಇಷ್ಟು ವರ್ಷ ಆ ಮನೆಯಲ್ಲಿ ಉಂಡೆ, ಮಾದೇಶ. ಕೊಂದವಳು ತಾನು ಎಂದುಕೊಂಡೇ ನಿಮ್ಮಮ್ಮ ನನಗೆ ಬಡಿಸುತ್ತಿದ್ದರು.