ಬತ್ತಿದ ಹಸುವಿನ ವಿಷದ ಹಾಲು

ಪತ್ತೇದಾರಿ ಧಾರಾವಾಹಿ ತೆಗೆಯುವ ಮಹಾರಾಯನಿಗೆ,

ಕಾಗದ ನೆಟ್ಟಗೆ ಹಿಡಿದು ಪೂರ್ತಿ ಓದು. ಬೆಟ್ಟ ಚೆಂದ, ತೊರೆ ಚೆಂದ ಅಂತ ಹಲ್ಲು ಕಿರಿದುಕೊಂಡು ನಮ್ಮೂರಿಗೆ ಶೂಟಿಂಗಿಗೆ ಬಂದವನು ನನ್ನ ಕೊಟ್ಟಿಗೆಯಲ್ಲೇ ಕೊಲೆ ಮಾಡಿಸಿದೆ. ನಿನ್ನ ಕಥೆಯ ಮುದುಕಿ ನನ್ನ ಹಸುವನ್ನು ಕರೆದು ಹಾಲಿಗೆ ವಿಷ ಬೆರೆಸಿದಳಂತೆ, ನಿನ್ನ ಪತ್ತೇದಾರ ತಂಬಿಗೆ ಮೂಸಿ ಕಂಡುಹಿಡಿದನಂತೆ! ಅಯ್ಯಾ ಜಾಣ, ನೀನು ತೋರಿಸಿದ್ದು ತುಂಬು ಗಬ್ಬದ ಹಸು. ಆಗ ಅದರ ಹಾಲು ಬತ್ತಿ ಎರಡು ತಿಂಗಳಾಗಿತ್ತು. ಪತ್ತೇದಾರನಿಗೆ ಮೂಗಿದ್ದರೆ ಸಾಕೇ, ಕಣ್ಣು ಬೇಡವೇ?

ಈಗ ಅದು ಕರು ಹಾಕಿದೆ, ಪಾತ್ರೆ ತುಂಬ ಹಾಲು ಕೊಡುತ್ತದೆ, ಕೊಳ್ಳುವವರಿಲ್ಲ. ಇಪ್ಪತ್ತು ವರ್ಷ ನನ್ನ ಹಾಲು ಕುಡಿದ ಪಕ್ಕದ ಮನೆ ಟೀಚರಮ್ಮ, "ನಿಮ್ಮ ಮೇಲೆ ನಂಬಿಕೆ ಇದೆ ಅಜ್ಜಿ, ಆದ್ರೂ ಮಕ್ಕಳಿರೋ ಮನೆ ನೋಡಿ" ಅಂತ ಬಾಗಿಲು ಹಾಕಿಕೊಂಡಳು. ಅವಳು ಪಾಠ ಬೇರೆ ಹೇಳುತ್ತಾಳೆ! ನನ್ನ ಹೊಟ್ಟೆ ತುಂಬುವುದು ಈ ಹಾಲಿನಿಂದಲೇ.

ಮುಂದಿನ ಭಾಗದಲ್ಲಿ ನಿನ್ನ ಪತ್ತೇದಾರ ನನ್ನ ಜಗಲಿಯಲ್ಲಿ ಕೂತು, ನಾನು ಕೊಟ್ಟ ಹಾಲನ್ನು ಎಲ್ಲರೂ ನೋಡುವಂತೆ ಗಟಗಟ ಕುಡಿಯಬೇಕು. ಕುಡಿದು ಇನ್ನೊಂದು ಲೋಟ ಕೇಳಬೇಕು. ಬರುವ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆ.

ಇತಿ,
ನೀನು ಕೊಲೆಗಾತಿ ಮಾಡಿದ ಹಾಲಿನಜ್ಜಿ