ಎತ್ತಿದ ಕೈ

ಭಾನುವಾರ, ಮಾರ್ಚ್ ೧೪

ಪ್ರೀತಿಯ ನಿಮಗೆ,

ನಾನು, ಅತ್ತೆ ಇಬ್ಬರೂ ಚೆನ್ನಾಗಿದ್ದೀವಿ. ಹಡಗಿನಲ್ಲಿ ನಿಮ್ಮ ಊಟ, ನಿದ್ದೆ ಸರಿಯಾಗಿ ನಡೀತಿದೆ ಅಂದ್ಕೊಂಡಿದ್ದೀನಿ. ನಿಮ್ಮ ಎರಡು ಕಾಗದಕ್ಕೂ ಉತ್ತರ ಬರೀಲಿಲ್ಲ, ಬೇಜಾರು ಮಾಡ್ಕೋಬೇಡಿ. ಸಂಜೆ ಆದ್ರೆ ಪೆನ್ನು ಹಿಡಿಯೋಕೂ ತೋಳಿನಲ್ಲಿ ಜೀವ ಇರ್ತಿರಲಿಲ್ಲ. ಯಾಕೆ ಅಂತ ಹೇಳ್ತೀನಿ, ಕೂತ್ಕೊಂಡು ಓದಿ. ನಿಮ್ಮ ಹೆಂಡತಿ ಇವತ್ತು ಪಿಸ್ತೂಲು ಪಂದ್ಯ ಗೆದ್ದಿದ್ದಾಳೆ.

ನಗಬೇಡಿ. ಏರ್ ಪಿಸ್ತೂಲು. ಒಂದೇ ಕೈ ಚಾಚಿ, ಹತ್ತು ಮೀಟರ್ ದೂರದ ಗುರಿಗೆ ಹೊಡೆಯೋದು. ಇನ್ನೊಂದು ಕೈ ಜೇಬಿನಲ್ಲೇ ಇರಬೇಕು, ಸಹಾಯಕ್ಕೆ ಬರೋ ಹಾಗಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ನಾನು ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೋಗೋದು, ಬರೋದು, ಗೋಡೆ ಕಡೆ ಮುಖ ಮಾಡಿ ಮಲಗೋದು, ಇಷ್ಟೇ ಆಗಿತ್ತು. ಆಗ ಅಂಗಡಿಗೆ ಒಬ್ಬ ಹಿರಿಯರು ಬಂದರು, ಗುರಿ ಹೊಡೆಯೋದು ಕಲಿಸೋರು. ಅವರ ಕನ್ನಡಕಕ್ಕೆ ಗಾಜು ಕೂರಿಸಿಕೊಟ್ಟೆ. "ಇಲ್ಲಿ ಸರಿ ಕಾಣುತ್ತೆ, ಅಲ್ಲಿ ಗುರಿ ಮುಂದೆ ಹೇಗೋ ಏನೋ. ಬಂದು ನೋಡಮ್ಮ" ಅಂದರು. ಹೋದೆ. ಸುಮ್ಮನೆ ಪಿಸ್ತೂಲು ಕೈಗೆ ಕೊಟ್ಟರು. ಅವತ್ತಿನಿಂದ ಹಿಡಿದ ಹುಚ್ಚು ಇದು. ಮಾತೆತ್ತಿದರೆ ನಿಧಾನ, ನಿಧಾನ ಅಂತಾರೆ ಅಂತ ಎಲ್ಲರೂ ಅವರನ್ನ ನಿಧಾನಪ್ಪ ಅಂತಲೇ ಕರೀತಾರೆ.

ಮೊದಮೊದಲು ಒಂದಿಷ್ಟು ಗುಂಡಿಗೇ ತೋಳು ಸೋತು ನಡುಗೋದು. ಸಿಟ್ಟು ಬಂದು ಪಟಪಟ ಅಂತ ಹೊಡೆದುಬಿಡ್ತಿದ್ದೆ. "ಯಾಕಮ್ಮ, ಬಸ್ಸು ಹೊರಟಿದೆಯಾ?" ಅನ್ನೋರು ನಿಧಾನಪ್ಪ. "ಎತ್ತೋದು ಎಲ್ಲರಿಗೂ ಬರುತ್ತೆ. ಗುರಿ ನಿಲ್ಲಲಿಲ್ಲ ಅಂದ್ರೆ ಹೊಡೆಯದೇ ಇಳಿಸೋದು ಕಲಿ. ಇಳಿಸು, ಉಸಿರಾಡು, ಮತ್ತೆ ಎತ್ತು. ಸುಸ್ತು ಕೈಗೆ ಬರೋ ಮುಂಚೆ ಕಾಲಿಗೆ ಬರುತ್ತೆ, ಕಾಲಿನ ಮಾತು ಕೇಳು."

ಮನೇಲಿ ನೀರು ತುಂಬಿದ ಬಾಟಲಿ ಚಾಚಿ ಹಿಡಿದು ನಿಲ್ಲೋದು ಅಭ್ಯಾಸ. ಒಂದು ಬೆಳಗ್ಗೆ ಬಾಗಿಲು ತೆರೆದೇ ಇತ್ತು. ನನ್ನ ಅವತಾರ ನೋಡಿ ಹಾಲಿನವರು ಹಾಲು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದರು. "ಹೆದರ್ಕೋಬೇಡಪ್ಪ, ಅವಳಿಗೆ ನಿನ್ನ ಮೇಲೆ ಸಿಟ್ಟಿಲ್ಲ" ಅಂತ ಅತ್ತೆ ಒಳಗಿಂದಲೇ ಕೂಗಿದರು.

ಇವತ್ತು ಪಂದ್ಯ. ಅರವತ್ತು ಗುಂಡು, ಒಂದೂಕಾಲು ಗಂಟೆ ಸಮಯ. ನನ್ನ ಪಕ್ಕದಲ್ಲಿ ಹೋದ ವರ್ಷ ಗೆದ್ದಾಕೆ, ಹಲ್ಲಿನ ಡಾಕ್ಟರು. ಕೈ ಅಂದ್ರೆ ಕಂಬ. ಮುಕ್ಕಾಲು ಪಾಲು ಮುಗಿಯೋವರೆಗೆ ಇಬ್ಬರದೂ ಸರಿಸಮ ಇತ್ತಂತೆ. ಆಮೇಲೆ ನನ್ನ ಮೊಣಕಾಲು ಸಣ್ಣಗೆ ನಡುಗಿತು. ಎರಡು ಗುಂಡು ಅಂಚಿಗೆ ಹೋದವು. ಆಕೆಯ ಪಿಸ್ತೂಲು ಮಾತ್ರ ಒಂದೇ ಸಮ ಟಪ್, ಟಪ್ ಅಂತಿತ್ತು. ನನಗೇ ಗೊತ್ತಿಲ್ಲದೆ ನನ್ನ ಕೈ ಆಕೆಯ ತಾಳಕ್ಕೆ ಹೊಡೀತಾ ಇತ್ತು. ಅದು ಹೊಳೆದ ಕೂಡಲೇ ಪಿಸ್ತೂಲು ಮೇಜಿನ ಮೇಲಿಟ್ಟು, ಕುರ್ಚಿ ಎಳ್ಕೊಂಡು ಕೂತುಬಿಟ್ಟೆ.

"ಇವಳ್ಯಾಕೆ ಕೂತಳು? ಸೋತಳಾ?" ಅಂತ ಹಿಂದಿನ ಸಾಲಿನಿಂದ ಅತ್ತೆ. ಅವರ ಪಿಸುಮಾತು ಪಕ್ಕದ ಬೀದಿಗೂ ಕೇಳುತ್ತೆ, ನಿಮಗೆ ಗೊತ್ತಲ್ಲ.

"ಸುಮ್ನಿರಿ ತಾಯಿ. ಈಗಲೇ ಅವಳು ಸರಿಯಾಗಿ ಆಡ್ತಿರೋದು" ಅಂದರು ನಿಧಾನಪ್ಪ.

ಕಣ್ಣು ಮುಚ್ಚಿ, ಕಾಲು ಚಾಚಿ ಕೂತೆ. ಎದೆಬಡಿತ ಇಳಿದ ಮೇಲೆ ಎದ್ದೆ. ಆಮೇಲೆ ಒಂದೊಂದು ಗುಂಡೂ ನನ್ನದೇ ಲೆಕ್ಕದಲ್ಲಿ ಹೋಯಿತು. ಕೊನೆಯದಕ್ಕೆ ಎತ್ತಿದೆ, ನಿಲ್ಲಲಿಲ್ಲ, ಇಳಿಸಿದೆ. ಮತ್ತೆ ಎತ್ತಿ ಮತ್ತೆ ಇಳಿಸಿದೆ. ಸಮಯ ಮುಗೀತಾ ಬಂದಿತ್ತು, ಹಿಂದೆ ಯಾರೋ ಉಸ್ಸಪ್ಪ ಅಂದರು. ಮೂರನೇ ಸಲ ಎತ್ತಿದಾಗ ಕೈ ನನ್ನದಲ್ಲವೇನೋ ಅನ್ನೋಷ್ಟು ಹಗುರ. ನಟ್ಟನಡುವಿಗೆ ಬಿತ್ತು. ಅಷ್ಟರಲ್ಲಿ ಪಕ್ಕದಾಕೆಯ ಗುಂಡುಗಳೂ ಅಂಚಿಗೆ ಜಾರಿದ್ದವಂತೆ, ಒಂದೇ ಅಂಕದಲ್ಲಿ ಗೆದ್ದೆ.

ಡಾಕ್ಟರಮ್ಮ ಬಂದು ಕೈ ಹಿಡ್ಕೊಂಡರು. "ನೀವು ಕೂತಾಗ ಹೊಟ್ಟೆಕಿಚ್ಚಾಯ್ತು ರೀ. ನನಗೂ ಕೂರಬೇಕು ಅನ್ನಿಸಿತ್ತು, ಧೈರ್ಯ ಬರಲಿಲ್ಲ" ಅಂದರು.

ಪದಕವನ್ನ ಅತ್ತೆ ತಮ್ಮ ಕೊರಳಿಗೇ ಹಾಕ್ಕೊಂಡು ಬಸ್ಸು ಹತ್ತಿದರು. ಕಂಡಕ್ಟರು ಕೇಳಲಿಲ್ಲ, ಆದರೂ ಹೇಳಿದರು: "ನನ್ನ ಸೊಸೆ ಪಿಸ್ತೂಲಿನಲ್ಲಿ ಎತ್ತಿದ ಕೈ. ಮಗ ಬಂದ ಮೇಲೆ ಹುಷಾರಾಗಿರಬೇಕು." ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ, ಹೊಟ್ಟೆ ಹಿಡ್ಕೊಂಡು.

ಅತ್ತೆ ನಿಮಗೆ ನೂರು ವರ್ಷ ಆಯಸ್ಸು ಹಾರೈಸಿದ್ದಾರೆ. ಸಮುದ್ರ ನಿಮ್ಮನ್ನ ಮೆತ್ತಗೆ ನೋಡ್ಕೊಳ್ಳಲಿ ಅನ್ನೋದು ನನ್ನ ಹಾರೈಕೆ.

ನಿಮ್ಮವಳು

ಇನ್ನೊಂದು ಮಾತು. ಮಗು ಹೋದ ಮೇಲೆ ನಿಮ್ಮ ಯಾವ ಕಾಗದದಲ್ಲೂ ಅದರ ಸುದ್ದಿ ಇಲ್ಲ. ನನಗೆ ನೋವಾಗುತ್ತೆ ಅಂತ ಬಿಟ್ಟಿದ್ದೀರಿ, ಗೊತ್ತು. ಇಲ್ಲೂ ಯಾರೂ ಎತ್ತಲ್ಲ. ಅದು ಇರಲೇ ಇಲ್ಲ ಅನ್ನೋ ಹಾಗೆ ಎಲ್ಲರೂ ನಡ್ಕೊಂಡ್ರೆ, ಅಷ್ಟು ತಿಂಗಳು ನಾನು ಹೊತ್ತಿದ್ದು ಏನನ್ನ? ಹಡಗು ಹತ್ತೋ ದಿನ ನೀವು, ಹೆಣ್ಣಾದ್ರೆ ಒಂದು ಹೆಸರು ಯೋಚಿಸಿದ್ದೀನಿ, ಹುಟ್ಟಿದ ದಿನವೇ ಹೇಳೋದು ಅಂದಿದ್ದಿರಿ. ಹೆಣ್ಣೇ ಆಗಿತ್ತು. ಆ ಹೆಸರು ಬರೆದು ಕಳಿಸಿ.